ಗಣಕ ಸಲಕರಣೆಗಳ ಆಯ್ಕೆ: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ಮುದ್ರಿತ ಹಾಳೆ ಹಿಡಿದು ನನ್ನ ಕೊಠಡಿಗೆ ಬಂದಳು. "ಸರ್, ಕೊಸೈನ್ ಬೆಲೆ ಮೈನಸ್ ಒಂದಕ್ಕಿಂತ ಕಡಿಮೆ ಆಗುತ್ತಾ?" ಎಂದು ಕೇಳಿದಳು. ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಅವಳ ಹಾಳೆಯಲ್ಲಿ 3 ರೇಡಿಯನ್ ಕೋನದ ಕೊಸೈನ್ -522.8 ಎಂದು ಅಚ್ಚಾಗಿತ್ತು! ಪ್ರೋಗ್ರಾಂನಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಪಠ್ಯದಲ್ಲಿರುವ ಶ್ರೇಣಿಯನ್ನೇ ಅವಳು ಏಳು ಪದಗಳವರೆಗೆ ಕೂಡಿಸಿದ್ದಳು. ಕೈಯಿಂದ ಲೆಕ್ಕ ಹಾಕಿದರೆ ಆ ಏಳು ಪದಗಳ ಮೊತ್ತ -0.98994. ನಿಜವಾದ ಬೆಲೆ -0.98999. ಹಾಗಾದರೆ ಐನೂರ ಇಪ್ಪತ್ತೆರಡು ಎಲ್ಲಿಂದ ಬಂತು?

ಆ ಪ್ರಯೋಗಶಾಲೆಯಲ್ಲಿದ್ದುದು ಡಾಸ್ ಕಾಲದ 16 ಬಿಟ್ ಕಂಪೈಲರ್. ಅದರಲ್ಲಿ ಪೂರ್ಣಾಂಕವನ್ನು ಹಿಡಿದಿಡುವ 'ಇಂಟ್' ಎಂಬ ಪೆಟ್ಟಿಗೆಗೆ -32768ರಿಂದ 32767ರವರೆಗಿನ ಸಂಖ್ಯೆಗಳು ಮಾತ್ರ ಹಿಡಿಸುತ್ತವೆ. 7! ಎಂದರೆ 5040, ಅದು ಸರಿಯಾಗಿ ಕೂರುತ್ತದೆ. 8! ಎಂದರೆ 40320, ಅದು ಪೆಟ್ಟಿಗೆಯನ್ನು ಮೀರುತ್ತದೆ. ಹಾಗೆ ಮೀರಿದಾಗ ಗಣಕ ದೂರು ಹೇಳುವುದಿಲ್ಲ; ಅದರಿಂದ 65536 ಕಳೆದು -25216 ಎಂದು ಇಟ್ಟುಕೊಳ್ಳುತ್ತದೆ. 10! ಅಲ್ಲಿ 24320 ಆಗುತ್ತದೆ, 12! ಬರೀ -1024. ಕೊಸೈನ್ ಶ್ರೇಣಿಯಲ್ಲಿ ಈ ಬೆಲೆಗಳಿಂದ ಭಾಗಿಸಿದರೆ ಅವಳ ಹಾಳೆಯ ಉತ್ತರವೇ ಬರುತ್ತದೆ. ಇನ್ನೂ ಮುಂದೆ ಹೋದರೆ ಮತ್ತೊಂದು ವಿಚಿತ್ರ ಕಾದಿರುತ್ತದೆ. 18!ರಲ್ಲಿ 2 ಎಂಬ ಅಪವರ್ತನ ಸರಿಯಾಗಿ 16 ಸಲ ಇರುವುದರಿಂದ 16 ಬಿಟ್ ಪೆಟ್ಟಿಗೆಯಲ್ಲಿ ಅದರ ಬೆಲೆ ಸೊನ್ನೆ! ವಿದ್ಯಾರ್ಥಿಗಳು ಇದನ್ನು ಕಾಗದ-ಪೆನ್ಸಿಲ್ ಹಿಡಿದು ತಾವೇ ಪರೀಕ್ಷಿಸಬಹುದು.

ಈ ಪ್ರಕರಣದಲ್ಲಿ ತಪ್ಪು ಯಾರದು? ವಿದ್ಯಾರ್ಥಿನಿಯದಲ್ಲ. ಆ ಕಂಪೈಲರಿನದೂ ಅಲ್ಲ; ಅದು ತನ್ನ ಕಾಲದ ಯಂತ್ರಕ್ಕೆ ತಕ್ಕಂತೆ ಸರಿಯಾಗಿಯೇ ಕೆಲಸ ಮಾಡಿತು. ಅದನ್ನು ಆ ಮೇಜಿನ ಮೇಲೆ ಇಟ್ಟವರು ನಾವು ಅಧ್ಯಾಪಕರು. ಏಕೆ ಇಟ್ಟೆವು ಎಂದು ಕೇಳಿದರೆ 'ಮೊದಲಿನಿಂದ ಇದೆ' ಎಂಬುದನ್ನು ಬಿಟ್ಟು ನನ್ನಲ್ಲಿ ಅಂದು ಬೇರೆ ಉತ್ತರವಿರಲಿಲ್ಲ.

ಉಪಕರಣವೆಂದು ನೋಡೋಣ

ಭೌತಶಾಸ್ತ್ರದ ಪ್ರಯೋಗಶಾಲೆಗೆ ಒಂದು ಸ್ಕ್ರೂ ಗೇಜ್ ಅಥವಾ ವೋಲ್ಟ್‌ಮೀಟರ್ ಕೊಳ್ಳುವಾಗ ನಾವು ಎಷ್ಟೊಂದು ಪ್ರಶ್ನೆ ಕೇಳುತ್ತೇವೆ! ಅದರ ವ್ಯಾಪ್ತಿ ಎಷ್ಟು? ಕನಿಷ್ಠ ಅಳತೆ ಎಷ್ಟು? ಶೂನ್ಯ ದೋಷ ಇದೆಯೇ? ಗೊತ್ತಿರುವ ಒಂದು ಮಾನಕದ ಜೊತೆ ಹೋಲಿಸಿ ನೋಡಬಹುದೇ? ಕೆಟ್ಟರೆ ಬಿಚ್ಚಿ ನೋಡಲು ಬರುತ್ತದೆಯೇ? ಹತ್ತು ವರ್ಷ ಬಾಳುತ್ತದೆಯೇ? ಆದರೆ ಗಣಕದ ವಿಷಯಕ್ಕೆ ಬಂದಾಗ ಈ ವಿವೇಕವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಯಂತ್ರಾಂಶವನ್ನು ಜಾಹೀರಾತು ನೋಡಿ ಆರಿಸುತ್ತೇವೆ, ತಂತ್ರಾಂಶವನ್ನು ಅಭ್ಯಾಸ ನೋಡಿ ಆರಿಸುತ್ತೇವೆ. ಉತ್ತರವಂತೂ ಪರದೆಯ ಮೇಲೆ ಎಂಟು ದಶಮಾಂಶ ಸ್ಥಾನಗಳೊಂದಿಗೆ ಮೂಡುತ್ತದೆ, ಅದನ್ನು ನಂಬಿಬಿಡುತ್ತೇವೆ.

ಗಣಕವೂ ಒಂದು ಉಪಕರಣವೇ. ಆದ್ದರಿಂದ ಆ ಹಳೆಯ ಪ್ರಶ್ನೆಗಳನ್ನೇ ಅದಕ್ಕೂ ಹಾಕಿ ನೋಡುವುದು ಈ ಲೇಖನದ ಉದ್ದೇಶ.

ವ್ಯಾಪ್ತಿ: ಹಳೆಯ ನೀಲಿ ಪರದೆ

ನಮ್ಮ ಕಾಲೇಜುಗಳಲ್ಲಿ ಬಹುಕಾಲ ಆಳಿದ ಟರ್ಬೊ ಸಿ++ ಬಗ್ಗೆ ಮೊದಲು ನ್ಯಾಯವಾಗಿ ಮಾತಾಡಬೇಕು. ಬೋರ್‌ಲ್ಯಾಂಡ್ ಸಂಸ್ಥೆ 1983ರಲ್ಲಿ ಟರ್ಬೊ ಪ್ಯಾಸ್ಕಲ್ ಹೊರತಂದಾಗ ಅದರ ಬೆಲೆ 49.95 ಡಾಲರ್. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ಹುಡುಕುವುದು, ಎಲ್ಲವೂ ಒಂದೇ ಪರದೆಯಲ್ಲಿ! ಅಂದಿನ ಪ್ರೋಗ್ರಾಮರುಗಳಿಗೆ ಅದೊಂದು ಬಿಡುಗಡೆ. ಅದೇ ಮಾದರಿಯಲ್ಲಿ 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++ ಬಂದವು. ಕಂಟ್ರೋಲ್ ಮತ್ತು ಎಫ್9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಪ್ರೋಗ್ರಾಂ ಓಡುತ್ತಿತ್ತು. ನಾಲ್ಕು ಸಾಲು ಬರೆದರೆ ಪರದೆಯ ಮೇಲೆ ವೃತ್ತ ಮೂಡುತ್ತಿತ್ತು. ಹಳ್ಳಿಯ ಕಾಲೇಜಿನ ಹಳೆಯ ಯಂತ್ರದಲ್ಲೂ ಅದು ಓಡುತ್ತಿತ್ತು. ಈ ಗುಣಗಳನ್ನು ಮರೆಯಬಾರದು.

ಆದರೆ ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನಕ ದೊರೆತದ್ದು 1998ರಲ್ಲಿ. ಅದಕ್ಕೂ ಮೊದಲಿನ ಕಂಪೈಲರಿನಲ್ಲಿ ಕಲಿತ ವಿದ್ಯಾರ್ಥಿ ಬರೆಯುವ ಎಷ್ಟೋ ಸಾಲುಗಳನ್ನು ಇಂದಿನ ಕಂಪೈಲರ್ ಒಪ್ಪುವುದೇ ಇಲ್ಲ. 'ಐಒಸ್ಟ್ರೀಮ್.ಎಚ್' ಎಂದು ಬರೆದರೆ ಅಂಥ ಕಡತವೇ ಇಲ್ಲ ಎನ್ನುತ್ತದೆ. 'ವಾಯ್ಡ್ ಮೇನ್' ಎಂದರೆ ತಪ್ಪು ಎನ್ನುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ವ್ಯಾಪ್ತಿಯದು. ಡಾಸ್ ಕಾಲದ ಮೆಮೊರಿ ವ್ಯವಸ್ಥೆಯಲ್ಲಿ ಒಂದು ಸಾಧಾರಣ ಅರೇ 64 ಕಿಲೋಬೈಟ್ ದಾಟುವಂತಿಲ್ಲ. ಎಂಟು ಬೈಟುಗಳ 'ಡಬಲ್' ಸಂಖ್ಯೆಗಳ 90×90 ಮಾತೃಕೆಗೆ 64,800 ಬೈಟು ಬೇಕು. ಅದು ಹೇಗೋ ಹಿಡಿಸುತ್ತದೆ. 91×91 ಹಿಡಿಸುವುದಿಲ್ಲ! ಇಂದು ವಿದ್ಯಾರ್ಥಿಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ 10,000×10,000 ಮಾತೃಕೆ ಸಹ 800 ಮೆಗಾಬೈಟಿನಲ್ಲಿ ಕೂರುತ್ತದೆ. ಹಳೆಯ ಕಂಪೈಲರನ್ನು ಡಾಸ್‌ಬಾಕ್ಸ್ ಎಂಬ ಅನುಕರಣ ತಂತ್ರಾಂಶದೊಳಗೆ ಓಡಿಸುವುದೆಂದರೆ ಆ ಲ್ಯಾಪ್‌ಟಾಪಿಗೆ 1990ರ ವೇಷ ಹಾಕಿಸಿದ ಹಾಗೆ.

'ಪಠ್ಯಕ್ರಮಕ್ಕೆ ಇಷ್ಟು ಸಾಕಲ್ಲ' ಎಂಬ ವಾದವನ್ನು ನಾನು ಹಲವು ಸಲ ಕೇಳಿದ್ದೇನೆ. ಪಠ್ಯಕ್ರಮದ ಪ್ರಯೋಗಗಳಿಗೆ ಸಾಲಬಹುದು. ಆದರೆ ಹತ್ತಾರು ಸಾವಿರ ವಿದ್ಯಾರ್ಥಿಗಳು ಪ್ರೋಗ್ರಾಮಿಂಗ್ ಎಂದರೆ ಇದೇ ಎಂದುಕೊಂಡು ಹೊರಗೆ ಹೋಗುತ್ತಾರೆ. ಕೆಲಸದ ಮೊದಲ ದಿನ ಅವರು ಕಲಿತದ್ದನ್ನು ಮರೆಯುವುದರಿಂದ ಆರಂಭಿಸಬೇಕಾಗುತ್ತದೆ. ಬೆಲೆಯ ನೆಪವೂ ಇಲ್ಲ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಬಿಡುಗಡೆ ಮಾಡಿದ ಜಿಸಿಸಿ ಕಂಪೈಲರ್ ಅಂದಿನಿಂದಲೂ ಮುಕ್ತ ತಂತ್ರಾಂಶ. ಅದರಲ್ಲಿ ಎಚ್ಚರಿಕೆಗಳನ್ನು ತೋರಿಸುವ ಸೂಚನೆ ಕೊಟ್ಟು ಕಂಪೈಲ್ ಮಾಡುವುದನ್ನು ಮೊದಲ ದಿನವೇ ಕಲಿಸಬಹುದು.

ಹಾಗೆಂದು ಹೊಸ ಕಂಪೈಲರ್ ತಂದೊಡನೆ ರೋಗ ವಾಸಿಯಾಗುತ್ತದೆಯೇ? ಇಲ್ಲ. 32 ಬಿಟ್ ಪೂರ್ಣಾಂಕದಲ್ಲಿ 12! ಸರಿ, 13! ತಪ್ಪು. ಪೈಥಾನ್ ಭಾಷೆಯ ಪೂರ್ಣಾಂಕಕ್ಕೆ ಇಂಥ ಮೇಲ್ಮಿತಿ ಇಲ್ಲ; 100! ಕೂಡ ಎಲ್ಲ ಅಂಕಿಗಳೊಂದಿಗೆ ಬರುತ್ತದೆ. ಆದರೆ ನಿಜವಾದ ಪರಿಹಾರವೆಂದರೆ ಫ್ಯಾಕ್ಟೋರಿಯಲ್ ಲೆಕ್ಕ ಹಾಕದೆ, ಪ್ರತಿ ಪದವನ್ನು ಅದರ ಹಿಂದಿನ ಪದದಿಂದ ಗುಣಾಕಾರ-ಭಾಗಾಕಾರ ಮಾಡಿ ಪಡೆಯುವುದು. ಸಲಕರಣೆಯ ಆಯ್ಕೆ ವಿಧಾನದ ಆಯ್ಕೆಗೆ ಬದಲಿಯಲ್ಲ. ಇದನ್ನು ಆ ವಿದ್ಯಾರ್ಥಿನಿಗೆ ಹೇಳಿದಾಗ ಅವಳು ಹತ್ತು ನಿಮಿಷದಲ್ಲಿ ಪ್ರೋಗ್ರಾಂ ತಿದ್ದಿ ತಂದಳು. ಅದೇ ಹಳೆಯ ಕಂಪೈಲರಿನಲ್ಲಿ ಸರಿಯಾದ ಉತ್ತರ ಬಂತು!

ಕನಿಷ್ಠ ಅಳತೆ: ದಶಾಂಶದ ಕಥೆ

ಸ್ಕ್ರೂ ಗೇಜಿಗೆ ಕನಿಷ್ಠ ಅಳತೆ ಇರುವಂತೆ ಗಣಕದ ದಶಮಾಂಶ ಸಂಖ್ಯೆಗೂ ಇದೆ. 1985ರಲ್ಲಿ ಬಂದ ಐಇಇಇ 754 ಮಾನಕದ ಪ್ರಕಾರ 'ಫ್ಲೋಟ್' ಸಂಖ್ಯೆಗೆ 24 ದ್ವಿಮಾನ ಅಂಕಿಗಳ ನಿಖರತೆ, ಅಂದರೆ ಸುಮಾರು 7 ದಶಮಾನ ಅಂಕಿ. 'ಡಬಲ್' ಸಂಖ್ಯೆಗೆ 53 ದ್ವಿಮಾನ ಅಂಕಿ, ಸುಮಾರು 15ರಿಂದ 16 ದಶಮಾನ ಅಂಕಿ. ಮೂರನೇ ಒಂದು ಭಾಗವನ್ನು ದಶಮಾನದಲ್ಲಿ ಪೂರ್ತಿ ಬರೆಯಲಾಗದಂತೆ ಹತ್ತನೇ ಒಂದು ಭಾಗವನ್ನು ದ್ವಿಮಾನದಲ್ಲಿ ಪೂರ್ತಿ ಬರೆಯಲಾಗುವುದಿಲ್ಲ. ಪೈಥಾನಿನಲ್ಲಿ ಒಂದು ಲೂಪ್ ಹಾಕಿ 0.1ನ್ನು ಹತ್ತು ಸಲ ಕೂಡಿಸಿ ನೋಡಿ. 1 ಬರುವುದಿಲ್ಲ, 0.9999999999999999 ಬರುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. 1991ರ ಫೆಬ್ರುವರಿ 25ರಂದು ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯಾದ ದಹರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಬಂದೆರಗುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಹಿಡಿಯಲಿಲ್ಲ. 28 ಸೈನಿಕರು ಸತ್ತರು. ಆ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಆ ಹತ್ತನೇ ಒಂದನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಡಲಾಗಿತ್ತು. ಸುಮಾರು 100 ಗಂಟೆ ಎಡೆಬಿಡದೆ ಓಡಿದ ಮೇಲೆ ತಪ್ಪು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುತ್ತದೆ.

ನಮ್ಮ ಕೊಸೈನ್ ಶ್ರೇಣಿಗೇ ಮರಳೋಣ. ಕೋನ 3 ರೇಡಿಯನ್ ಬದಲು 30 ರೇಡಿಯನ್ ಎಂದಿಟ್ಟುಕೊಳ್ಳಿ. ಶ್ರೇಣಿಯ ಅತಿ ದೊಡ್ಡ ಪದ ಸುಮಾರು 78 ಸಾವಿರ ಕೋಟಿಯಷ್ಟಾಗುತ್ತದೆ. ಇಂಥ ದೈತ್ಯ ಪದಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ 0.154 ಎಂಬ ಪುಟ್ಟ ಸಂಖ್ಯೆ ಉಳಿಯಬೇಕು. 16 ಅಂಕಿಗಳಲ್ಲಿ ಸುಮಾರು 12 ಅಂಕಿ ಈ ಹೊಡೆದಾಟದಲ್ಲೇ ಮುಗಿದುಹೋಗುತ್ತವೆ. ಎಷ್ಟು ದುಬಾರಿ ಯಂತ್ರ ಕೊಂಡರೂ, ಎಷ್ಟು ಹೊಸ ಕಂಪೈಲರ್ ತಂದರೂ 'ಡಬಲ್' ಬಳಸುವವರೆಗೆ ಇದು ತಪ್ಪದು. ಕೋನದಿಂದ ಪೂರ್ಣ ಸುತ್ತುಗಳನ್ನು ಮೊದಲೇ ಕಳೆದು ಚಿಕ್ಕದು ಮಾಡಿಕೊಂಡರೆ ಮಾತ್ರ ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪೈಥಾನಿನ ಸಿದ್ಧ 'ಸಮ್' ಆದೇಶ ಹತ್ತು 0.1ಗಳಿಗೆ ಹಿಂದೆಲ್ಲ 0.9999999999999999 ಕೊಡುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬಂದ 3.12ನೇ ಆವೃತ್ತಿಯಲ್ಲಿ ಕೂಡುವ ವಿಧಾನ ಸುಧಾರಿಸಿದ್ದರಿಂದ 1.0 ಬರುತ್ತದೆ. ಅಂದರೆ ಒಂದೇ ಪ್ರೋಗ್ರಾಂ, ಎರಡು ಆವೃತ್ತಿ, ಎರಡು ಉತ್ತರ! ಪ್ರಯೋಗದ ದಾಖಲೆಯಲ್ಲಿ ಉಪಕರಣದ ಹೆಸರು ಬರೆಯುವ ನಾವು ತಂತ್ರಾಂಶದ ಆವೃತ್ತಿಯನ್ನೂ ಏಕೆ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಮಾನಕದೊಂದಿಗೆ ಹೋಲಿಕೆ

ಉಪಕರಣವನ್ನು ಗೊತ್ತಿರುವ ಬೆಲೆಯ ಎದುರು ಪರೀಕ್ಷಿಸದೆ ಬಳಸಬಾರದು ಎಂಬುದು ನಮ್ಮ ಮೊದಲ ಪಾಠ. ಗಣಕದ ಚರಿತ್ರೆ ಈ ಪಾಠವನ್ನು ಮತ್ತೆ ಮತ್ತೆ ಹೇಳಿದೆ.

1960ರ ದಶಕದಲ್ಲಿ ಐಬಿಎಂ ಯಂತ್ರಗಳಲ್ಲಿ 'ರ್‍ಯಾಂಡು' ಎಂಬ ಯಾದೃಚ್ಛಿಕ ಸಂಖ್ಯಾಜನಕ ಬಳಕೆಯಲ್ಲಿತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, 2ರ 31ನೇ ಘಾತದಿಂದ ಭಾಗಿಸಿ ಶೇಷ ತೆಗೆದುಕೊಳ್ಳುವುದು ಅದರ ಕ್ರಮ. 65539 ಎಂದರೆ 2ರ 16ನೇ ಘಾತಕ್ಕೆ 3 ಕೂಡಿಸಿದ್ದು. ಇದನ್ನು ವರ್ಗ ಮಾಡಿ ಶೇಷ ತೆಗೆದರೆ, ಪ್ರತಿ ಸಂಖ್ಯೆಯೂ ಅದರ ಹಿಂದಿನದರ 6 ಪಟ್ಟಿನಿಂದ ಅದರ ಹಿಂದಿನದರ 9 ಪಟ್ಟು ಕಳೆದದ್ದಕ್ಕೆ ಸಮ ಎಂದು ತಿಳಿಯುತ್ತದೆ. ಮೂರು ಮೂರರಂತೆ ಸಂಖ್ಯೆಗಳನ್ನು ಘನದೊಳಗೆ ಬಿಂದುಗಳಾಗಿ ಗುರುತಿಸಿದರೆ ಅವು ಎಲ್ಲೆಡೆ ಹರಡದೆ ಬರೀ 15 ಸಮತಲಗಳ ಮೇಲೆ ಕೂರುತ್ತವೆ. ಇಂಥ ಜನಕಗಳ ಈ ದೋಷವನ್ನು ಜಾರ್ಜ್ ಮರ್ಸಾಲಿಯಾ 1968ರಲ್ಲಿ ತೋರಿಸಿಕೊಟ್ಟರು. ಇದು ಪದವಿ ವಿದ್ಯಾರ್ಥಿಗಳಿಗೆ ಒಂದು ಮಧ್ಯಾಹ್ನದ ಸೊಗಸಾದ ಪ್ರಯೋಗ.

ಇದು ಹಳೆಯ ಕಥೆ ಎನ್ನುವವರಿಗೆ 1992ರ ಕಥೆಯಿದೆ. ಫೆರೆನ್‌ಬರ್ಗ್, ಲ್ಯಾಂಡೌ ಮತ್ತು ವಾಂಗ್ ಎಂಬ ಭೌತವಿಜ್ಞಾನಿಗಳು ಉತ್ತಮವೆಂದು ಹೆಸರಾಗಿದ್ದ ಜನಕವನ್ನು ಬಳಸಿ ಎರಡು ಆಯಾಮಗಳ ಐಸಿಂಗ್ ಮಾದರಿಯನ್ನು ಗಣಕದಲ್ಲಿ ಅನುಕರಿಸಿದರು. ಶಕ್ತಿಯ ಬೆಲೆ ತಪ್ಪಾಗಿ ಬಂತು. ತಪ್ಪೆಂದು ಗೊತ್ತಾದದ್ದು ಹೇಗೆ? ಆ ಮಾದರಿಗೆ ನಿಖರ ಗಣಿತೀಯ ಉತ್ತರ ಇದ್ದುದರಿಂದ. ಉತ್ತರ ಗೊತ್ತಿಲ್ಲದ ಸಮಸ್ಯೆಯಲ್ಲಿ ಅದೇ ಜನಕ ಬಳಸಿದ್ದರೆ ತಪ್ಪೇ ಹೊಸ ಶೋಧನೆಯಾಗಿ ಪ್ರಕಟವಾಗುತ್ತಿತ್ತೇನೋ!

ಯಂತ್ರಾಂಶವೂ ಇದಕ್ಕೆ ಹೊರತಲ್ಲ. ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದರು. 1994ರಲ್ಲಿ ಹೊಸ ಪೆಂಟಿಯಂ ಯಂತ್ರ ಸೇರಿಸಿಕೊಂಡ ಮೇಲೆ ಅವರ ಲೆಕ್ಕಗಳು ತಾಳೆಯಾಗದಾದವು. ತಿಂಗಳುಗಟ್ಟಲೆ ಹುಡುಕಿ, ತಪ್ಪು ಪ್ರೊಸೆಸರಿನ ಭಾಗಾಕಾರದಲ್ಲೇ ಇದೆ ಎಂದು ಅಕ್ಟೋಬರಿನಲ್ಲಿ ತಿಳಿಸಿದರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಆ ಪ್ರೊಸೆಸರು 1.33374 ಕೊಡುತ್ತಿತ್ತು. ಇಂಟೆಲ್ ಸಂಸ್ಥೆ ಕೊನೆಗೆ ಇದಕ್ಕಾಗಿ 47.5 ಕೋಟಿ ಡಾಲರ್ ನಷ್ಟ ಲೆಕ್ಕಕ್ಕೆ ಬರೆದುಕೊಂಡಿತು. ನೈಸ್ಲಿಯವರಲ್ಲಿ ವಿಶೇಷ ಸಾಧನವೇನೂ ಇರಲಿಲ್ಲ. ಒಂದೇ ಲೆಕ್ಕವನ್ನು ಎರಡು ಬಗೆಯ ಯಂತ್ರದಲ್ಲಿ ಮಾಡಿ ನೋಡುವ ಶಿಸ್ತು ಇತ್ತು, ಅಷ್ಟೆ.

ಸ್ಪ್ರೆಡ್‌ಶೀಟ್ ಎಂಬ ಸುಲಭದ ದಾರಿ

ಅಧ್ಯಾಪಕರಲ್ಲಿ ಹೆಚ್ಚಿನವರು ದತ್ತಾಂಶವನ್ನು ತುಂಬುವುದು ಸ್ಪ್ರೆಡ್‌ಶೀಟಿನಲ್ಲಿ. ಅಂಕಪಟ್ಟಿಗೆ, ಚಿಕ್ಕ ಪ್ರಯೋಗದ ಗ್ರಾಫಿಗೆ ಅದು ಒಳ್ಳೆಯ ಸಾಧನ. ಆದರೆ ಅದು ಬರೆದದ್ದನ್ನು ಕೇಳದೆ ತಿದ್ದುತ್ತದೆ. 'ಸೆಪ್ಟ್2', 'ಮಾರ್ಚ್1' ಎಂಬ ಜೀನ್‌ಗಳ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳೆಂದು ತಿಳಿದು ಬದಲಿಸುತ್ತಿತ್ತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜೀನ್ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಭಾಗದಲ್ಲಿ ಈ ತಪ್ಪಿತ್ತು. ಕೊನೆಗೆ ತಂತ್ರಾಂಶ ಬದಲಾಗುವುದನ್ನು ಕಾಯದೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ಲೆಕ್ಕಕ್ಕೆ ತಡವಾಗಿ ಸೇರಿದವು. ಹಳೆಯ ಎಕ್ಸೆಲ್ ಕಡತದ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ ಎಂಬುದೇ ಕಾರಣ. ಇದು ನಮ್ಮ ವಿದ್ಯಾರ್ಥಿನಿಯ ಲೆಕ್ಕ ಕೆಡಿಸಿದ 16 ಬಿಟ್‌ನ ಅದೇ 65,536!

ಅಳತೆಗಳನ್ನು ಸರಳ ಪಠ್ಯ ಕಡತದಲ್ಲಿ ಅಲ್ಪವಿರಾಮಗಳಿಂದ ಬೇರ್ಪಡಿಸಿ ಇಡುವುದು, ಲೆಕ್ಕವನ್ನು ಬೇರೆ ಪ್ರೋಗ್ರಾಂನಲ್ಲಿ ಬರೆಯುವುದು ಕ್ಷೇಮ. ಯಾವ ಹೆಜ್ಜೆಯಲ್ಲಿ ಏನು ಮಾಡಿದೆವು ಎಂಬುದು ಆಗ ಓದಲು ಸಿಗುತ್ತದೆ.

ಯಂತ್ರ ಕೊಳ್ಳುವಾಗ

ಈಗ ಯಂತ್ರಾಂಶದ ಮಾತು. 2005ರ ಆಸುಪಾಸಿನವರೆಗೆ ಪ್ರೊಸೆಸರುಗಳ ಗಡಿಯಾರದ ವೇಗ ವರ್ಷ ವರ್ಷ ಏರುತ್ತಿತ್ತು. ಆಮೇಲೆ ಉಷ್ಣದ ಮಿತಿಯಿಂದಾಗಿ ಅದು ಕೆಲವು ಗಿಗಾಹರ್ಟ್ಸ್‌ಗಳ ಸುತ್ತ ನಿಂತಿತು. ಬದಲಿಗೆ ಕೋರ್‌ಗಳ ಸಂಖ್ಯೆ ಏರತೊಡಗಿತು. ಆದರೆ ಎಂಟು ಕೋರ್ ಇದ್ದರೆ ಎಂಟು ಪಟ್ಟು ವೇಗ ಎಂದು ತಿಳಿಯಬೇಡಿ. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ಪ್ರಕಾರ, ಪ್ರೋಗ್ರಾಂನ ಹತ್ತನೇ ಒಂದು ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಿದ್ದರೆ, ಸಾವಿರ ಕೋರ್ ಹಾಕಿದರೂ ಹತ್ತು ಪಟ್ಟಿಗಿಂತ ಹೆಚ್ಚು ವೇಗ ಸಿಗದು.

ಹೆಚ್ಚಿನ ವೈಜ್ಞಾನಿಕ ಲೆಕ್ಕಗಳಲ್ಲಿ ಪ್ರೊಸೆಸರು ಕೆಲಸ ಮಾಡುವುದಕ್ಕಿಂತ ಮೆಮೊರಿಯಿಂದ ಸಂಖ್ಯೆ ಬರುವುದನ್ನು ಕಾಯುವುದೇ ಹೆಚ್ಚು. ಇಂದಿನ ಸಾಮಾನ್ಯ ಪ್ರೊಸೆಸರು ಒಂದು ಸಲಕ್ಕೆ 64 ಬೈಟು, ಅಂದರೆ ಎಂಟು 'ಡಬಲ್' ಸಂಖ್ಯೆಗಳನ್ನು ಹತ್ತಿರದ ಕ್ಯಾಶ್‌ಗೆ ತಂದುಕೊಳ್ಳುತ್ತದೆ. ಸಿ ಭಾಷೆ ಮಾತೃಕೆಯನ್ನು ಅಡ್ಡಸಾಲುಗಳಲ್ಲಿ ಇಡುತ್ತದೆ, ಫೋರ್ಟ್ರಾನ್ ಕಂಬಸಾಲುಗಳಲ್ಲಿ. ದೊಡ್ಡ ಮಾತೃಕೆಯನ್ನು ಸಿ ಭಾಷೆಯಲ್ಲಿ ಅಡ್ಡಸಾಲಿನಂತೆ ಕೂಡಿಸಿ, ಆಮೇಲೆ ಕಂಬಸಾಲಿನಂತೆ ಕೂಡಿಸಿ, ಕಾಲವನ್ನು ಅಳೆಯಿರಿ. ಉತ್ತರ ಒಂದೇ, ಕಾಲ ಬೇರೆ! ಹೊಸ ಯಂತ್ರ ಬೇಕೆಂದು ಅರ್ಜಿ ಬರೆಯುವ ಮೊದಲು ಎರಡು ಲೂಪುಗಳ ಸ್ಥಾನ ಅದಲುಬದಲು ಮಾಡಿ ನೋಡುವುದು ಅಗ್ಗ.

ಆದ್ದರಿಂದ ಸೀಮಿತ ಹಣದಲ್ಲಿ ಕೊಳ್ಳುವಾಗ ನನ್ನ ಕ್ರಮ ಹೀಗಿದೆ. ಮೊದಲು ಸಾಕಷ್ಟು ಮೆಮೊರಿ. ಆಮೇಲೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಆಮೇಲೆ ಕಣ್ಣಿಗೆ ಆಯಾಸವಾಗದ ಪರದೆ, ಒಳ್ಳೆಯ ಕೀಲಿಮಣೆ. ಕರೆಂಟು ಹೋಗಿ ಬರುವ ಊರಾದರೆ ಯುಪಿಎಸ್. ಬೇರೆ ಕಟ್ಟಡದಲ್ಲಿಟ್ಟ ಬ್ಯಾಕಪ್ ಡಿಸ್ಕ್. ಪ್ರೊಸೆಸರಿನ ಇತ್ತೀಚಿನ ಮಾದರಿ ಇವೆಲ್ಲದರ ನಂತರ. ಮೂರು ದಿನ ಓಡಿದ ಲೆಕ್ಕ ಕರೆಂಟು ಹೋಗಿ ನಿಂತರೆ ಅತಿವೇಗದ ಪ್ರೊಸೆಸರಿನಿಂದ ಏನು ಉಪಯೋಗ?

ಹಳೆಯ ಯಂತ್ರಗಳನ್ನು ಎಸೆಯುವ ಮುನ್ನವೂ ಯೋಚಿಸಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಅನೇಕ ಹಳೆಯ ಗಣಕಗಳಲ್ಲಿ ಇಲ್ಲ. ಆದರೆ ಅವುಗಳಲ್ಲಿ ಲಿನಕ್ಸ್ ಚೆನ್ನಾಗಿಯೇ ಓಡುತ್ತದೆ. 2017ರ ನವೆಂಬರಿನಿಂದೀಚೆಗೆ ಜಗತ್ತಿನ 500 ಅತಿವೇಗದ ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಕೂಡ ಲಿನಕ್ಸ್ ಮೇಲೆಯೇ ಓಡುವಂಥದು. ತಾಲೂಕು ಕಾಲೇಜಿನ ಹಳೆಯ ಗಣಕದಲ್ಲಿ ಕಲಿತ ಆದೇಶಗಳೇ ಅಲ್ಲಿಯೂ ನಡೆಯುತ್ತವೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಸಣ್ಣ ಲಾಭವಲ್ಲ.

ಭಾಷೆಗಳ ಜಗಳ

ಯಾವ ಭಾಷೆ ಒಳ್ಳೆಯದು ಎಂಬ ಜಗಳಕ್ಕೆ ಕೊನೆಯಿಲ್ಲ. 1957ರಲ್ಲಿ ಬಂದ ಫೋರ್ಟ್ರಾನ್ ಸತ್ತಿತು ಎಂದು ನನ್ನ ವಿದ್ಯಾರ್ಥಿ ದಿನಗಳಿಂದ ಕೇಳುತ್ತಿದ್ದೇನೆ. ಅದರ ಇತ್ತೀಚಿನ ಮಾನಕ ಬಂದದ್ದು 2023ರಲ್ಲಿ. 1991ರಲ್ಲಿ ಗೀಡೊ ವಾನ್ ರಾಸಮ್ ಹೊರತಂದ ಪೈಥಾನ್ ಓದಲು ಸರಳ. ಲೂಪುಗಳಲ್ಲಿ ಅದು ಸಿ ಭಾಷೆಗಿಂತ ಹತ್ತಾರು ಪಟ್ಟು ನಿಧಾನ. ಆದರೆ ಮಾತೃಕೆಗಳ ಕೆಲಸವನ್ನು ನಂಪೈ ಗ್ರಂಥಾಲಯಕ್ಕೆ ಒಪ್ಪಿಸಿದರೆ ಅದು ಒಳಗೆ ಬಳಸುವುದು ಫೋರ್ಟ್ರಾನಿನಲ್ಲಿ ಬೆಳೆದ ಲ್ಯಾಪ್ಯಾಕ್ ವಿಧಾನಗಳನ್ನೇ. ಪೈಥಾನ್ ಹೊಗಳಿ ಫೋರ್ಟ್ರಾನ್ ತೆಗಳುವವರು ಅಡುಗೆಯನ್ನು ಹೊಗಳಿ ಒಲೆಯನ್ನು ತೆಗಳಿದಂತೆ.

ಮೊದಲ ಭಾಷೆಯಾಗಿ ಪೈಥಾನ್, ಯಂತ್ರದೊಳಗೆ ಏನಾಗುತ್ತದೆ ಎಂದು ತಿಳಿಯಲು ಸಿ, ದೊಡ್ಡ ಲೆಕ್ಕಗಳಿಗೆ ಫೋರ್ಟ್ರಾನ್ ಅಥವಾ ಸಿ++: ಇದು ನನ್ನ ಅಭಿಪ್ರಾಯ. ಇದಕ್ಕಿಂತ ಮುಖ್ಯವಾದದ್ದು ಆವೃತ್ತಿಗಳ ದಾಖಲೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಅದಕ್ಕೆ ಒಳ್ಳೆಯ ಸಾಧನ. 'ಫೈನಲ್', 'ಫೈನಲ್2', 'ನಿಜವಾದ ಫೈನಲ್' ಎಂದು ಕಡತಗಳಿಗೆ ಹೆಸರಿಡುವವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಬಾಳಿಕೆ

ಕೊನೆಯ ಪ್ರಶ್ನೆ ಬಾಳಿಕೆಯದು. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಲ್ಲಿ ಗಣಿತದ ಲೇಖನಗಳು ಇಂದಿಗೂ ಸಿದ್ಧವಾಗುತ್ತವೆ. ಅದರ ಆವೃತ್ತಿಸಂಖ್ಯೆ ಪ್ರತಿ ತಿದ್ದುಪಡಿಗೂ ಪೈ ಬೆಲೆಯ ಒಂದೊಂದು ಅಂಕಿ ಹತ್ತಿರವಾಗುತ್ತದೆ! ಇದಕ್ಕೆ ವಿರುದ್ಧ ಉದಾಹರಣೆಗಳೂ ಇವೆ. ಪೈಥಾನ್ 2ರಲ್ಲಿ 1ನ್ನು 2ರಿಂದ ಭಾಗಿಸಿದರೆ 0, ಪೈಥಾನ್ 3ರಲ್ಲಿ 0.5. ಹಳೆಯದರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು; ಹಳೆಯ ಪ್ರೋಗ್ರಾಂಗಳನ್ನು ತಿದ್ದಿಕೊಳ್ಳುವ ಹೊರೆ ಬಳಕೆದಾರರ ಮೇಲೆ ಬಿತ್ತು. 2029ರವರೆಗೆ ಇರುತ್ತದೆಂದು ನಂಬಿದ್ದ ಸೆಂಟ್‌ಒಎಸ್ 8 ಎಂಬ ಲಿನಕ್ಸ್ ಆವೃತ್ತಿ 2021ರ ಕೊನೆಗೇ ಮುಗಿಯಿತು. ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಬಾಳಿಕೆ ಖಚಿತವಲ್ಲ. ಆದರೆ ಮೂಲ ಸಂಕೇತ ಕೈಯಲ್ಲಿದ್ದರೆ ಬೇರೆಯವರು ಮುಂದುವರಿಸಬಹುದು. ಸೆಂಟ್‌ಒಎಸ್ ವಿಷಯದಲ್ಲಿ ಹಾಗೆಯೇ ಆಯಿತು.

ಕನ್ನಡಿಗರಿಗೆ ಈ ಪಾಠ ಇನ್ನೂ ಹತ್ತಿರದ್ದು. ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆದರೂ ಆಮೇಲೆ ಎಷ್ಟೋ ವರ್ಷ ನಾವು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟುಗಳಲ್ಲಿ ಟೈಪ್ ಮಾಡಿದೆವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂಥ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಅದರಲ್ಲಿ ಪದ ಹುಡುಕಲು ಬರದು, ಅಕಾರಾದಿ ಜೋಡಿಸಲು ಬರದು. ಪಾಠದ ಟಿಪ್ಪಣಿ, ಪ್ರಶ್ನಪತ್ರಿಕೆ, ಲೇಖನಗಳನ್ನು ಹೀಗೆ ಬಂಧನದಲ್ಲಿಟ್ಟವರು ಪರಿವರ್ತಕಗಳ ನೆರವಿನಿಂದ ಅವನ್ನು ಬಿಡಿಸಿಕೊಳ್ಳಬೇಕಾಯಿತು.

ಈಚೆಗೆ, ವಿಶೇಷವಾಗಿ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ ಪ್ರೋಗ್ರಾಮನ್ನು ತಾನೇ ಬರೆದುಕೊಡುವ ಸಾಧನಗಳು ವಿದ್ಯಾರ್ಥಿಗಳ ಕೈಗೆ ಸಿಕ್ಕಿವೆ. ಅವನ್ನು ನಿಷೇಧಿಸುವುದರಲ್ಲಿ ಅರ್ಥವಿಲ್ಲ. ಅವು ಕೊಡುವ ಪ್ರೋಗ್ರಾಂ ನೋಡಲು ಅಚ್ಚುಕಟ್ಟು, ಹಲವು ಸಲ ಸರಿಯೂ ಹೌದು. ಆದರೆ ತಪ್ಪಿದ್ದಾಗಲೂ ಅಷ್ಟೇ ಅಚ್ಚುಕಟ್ಟಾಗಿರುತ್ತದೆ! ಕೊಸೈನ್ -1ಕ್ಕಿಂತ ಕಡಿಮೆಯಾಗದು ಎಂದು ತಿಳಿದವರ ಕೈಯಲ್ಲಿ ಅದು ಸಹಾಯಕ. ತಿಳಿಯದವರ ಕೈಯಲ್ಲಿ ಅಪಾಯ.

ಕೊನೆಯದಾಗಿ

ಅಧ್ಯಾಪಕ ಮಿತ್ರರಿಗೆ ನನ್ನ ಸಲಹೆ ಇಷ್ಟು. ಹೊಸ ಸಲಕರಣೆ ತರುವ ಮೊದಲು ಉತ್ತರ ಗೊತ್ತಿರುವ ಮೂರು ಲೆಕ್ಕಗಳನ್ನು ಅದರಲ್ಲಿ ಮಾಡಿ ನೋಡಿ: ಒಂದು ಪೂರ್ಣಾಂಕದ್ದು, ಒಂದು ದಶಮಾಂಶದ್ದು, ಒಂದು ಯಾದೃಚ್ಛಿಕ ಸಂಖ್ಯೆಗಳದು. ಎಲ್ಲಿ ಸೋಲುತ್ತದೆ ಎಂದು ಹುಡುಕಿ, ಆ ಮಿತಿಯನ್ನು ಪ್ರಯೋಗಶಾಲೆಯ ಗೋಡೆಗೆ ಬರೆದು ಹಚ್ಚಿ. ಮುಂಬೈಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಪಾಠಗಳು ಕನ್ನಡದಲ್ಲೂ ದೊರೆಯುತ್ತವೆ. ಹಳೆಯದನ್ನು ಬಿಡಲು ಭಯಪಡುವವರಿಗೆ ಅವು ಒಳ್ಳೆಯ ಆರಂಭ.

ಆ ವಿದ್ಯಾರ್ಥಿನಿಯ ಹಾಳೆಯನ್ನು ನಾನು ಎಸೆಯಲಿಲ್ಲ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅದನ್ನು ಎಲ್ಲರ ಕೈಗೂ ಕೊಡುತ್ತೇನೆ. ಮುದ್ರಿತ ಉತ್ತರವನ್ನು ನೋಡಿ 'ಇದು ಹೇಗೆ ಸಾಧ್ಯ?' ಎಂದು ಕೇಳುವಷ್ಟು ಭೌತಶಾಸ್ತ್ರ ಅವಳಿಗೆ ಗೊತ್ತಿತ್ತು. ಆ ಪ್ರಶ್ನೆ ಕೇಳುವವರು ತರಗತಿಯಲ್ಲಿ ಒಬ್ಬರಿದ್ದರೂ ಗಣಕ ನಮ್ಮನ್ನು ಬಹಳ ದೂರ ದಾರಿ ತಪ್ಪಿಸಲಾರದು.